ಬಣ್ಣ ಆಮೇಲೆ: ಹಳೇ ಮೋಟಾರ್ ಬೋಟ್ ರಿಪೇರಿ ಮಾಡಿ ನಾವು ಕಲಿತ ಪಾಠ

ರವೀಂದ್ರನಗರದ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ಕಳೆದ ನವೆಂಬರಿನಿಂದ ಕಾರಿಲ್ಲ, ಬೋಟಿದೆ. 14 ಅಡಿ ಉದ್ದದ ಫೈಬರ್ ಬೋಟು. ಅದಕ್ಕೆ 8 ಹಾರ್ಸ್‌ಪವರ್‌ನ, ಎರಡು ಸಿಲಿಂಡರಿನ, ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ನಾವು ನಾಲ್ಕು ಜನ (ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್) ಕ್ಲಾಸ್ ಮುಗಿದ ಮೇಲೆ ಅಲ್ಲೇ ಇರ್ತೀವಿ. ಅಕ್ಕಪಕ್ಕದವರು "ತುಂಗೆಯಲ್ಲಿ ಬಿಡ್ತೀರೇನ್ರೋ?" ಅಂತ ಕೇಳಿ ನಕ್ಕು ಹೋಗ್ತಾರೆ. ನಾವು ಮಾಡಿದ ಕೆಲಸ, ಅದರಲ್ಲಿ ಮಾಡಿದ ಎಡವಟ್ಟು ಎರಡನ್ನೂ ಇಲ್ಲಿ ಬರೀತಿದ್ದೀವಿ. ಹಳೇ ಬೋಟ್ ಎಲ್ಲರ ಮನೇಲೂ ಇರಲ್ಲ, ಗೊತ್ತು. ಆದ್ರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಮತ್ತು ಫ್ಲೂಯಿಡ್ ಮೆಕ್ಯಾನಿಕ್ಸ್ ಎರಡೂ ಒಂದೇ ಶೆಡ್ಡಿನಲ್ಲಿ ಸಿಕ್ಕಿದ್ದು ನಮಗೆ ಇದೇ ಮೊದಲು.

ಬೋಟು ನಮ್ಮಲ್ಲೊಬ್ಬನ ಅಜ್ಜನದು. ಅವರು ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಹಿನ್ನೀರು ತುಂಬಿದಾಗ ಆ ಭಾಗ ಹೆಚ್ಚುಕಡಿಮೆ ದ್ವೀಪವೇ ಆಗಿಹೋಯ್ತು. ಸಾಗರಕ್ಕೆ ಬರಬೇಕಂದ್ರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು, ಸಂಜೆ ಕೊನೇ ಲಾಂಚ್ ತಪ್ಪಿದ್ರೆ ಮುಗೀತು. ಹಾಗಾಗಿ ಅಜ್ಜ ತಮ್ಮದೇ ಒಂದು ಬೋಟ್ ಇಟ್ಟುಕೊಂಡಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತಲ್ಲ, ಅದಾದ ನಾಲ್ಕು ತಿಂಗಳಿಗೆ ಆ ಬೋಟು ಪಿಕಪ್ ಗಾಡಿಯಲ್ಲಿ ಕೂತು, ಅದೇ ಸೇತುವೆ ಮೇಲೆ, ತಾನು ಇಷ್ಟು ವರ್ಷ ಓಡಾಡಿದ ನೀರಿನ ಮೇಲಿಂದಲೇ ಶಿವಮೊಗ್ಗಕ್ಕೆ ಬಂತು.

ಅಜ್ಜನಿಗೆ ಈಗ 73. ಅವರ ಆಸೆ ಒಂದೇ. ಹಿನ್ನೀರು ತುಂಬಾ ಕೆಳಗಿಳಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟು, ಅಂದರೆ ಹಿರೇಭಾಸ್ಕರ, ನೀರಿನಿಂದ ಮೇಲೆ ಬರುತ್ತೆ. 1940ರ ದಶಕದಲ್ಲಿ ಕಟ್ಟಿದ್ದು, ಸೈಫನ್ ಇರುವ ಅಣೆಕಟ್ಟು. ಚಿಕ್ಕ ಹುಡುಗನಾಗಿದ್ದಾಗ ಅಜ್ಜ ಅದರ ಮೇಲೆ ಓಡಾಡಿದ್ದಾರೆ. ಅದನ್ನ ಒಂದ್ಸಲ ತಮ್ಮ ಬೋಟಿನಲ್ಲೇ ಸುತ್ತಿ ಬರಬೇಕು ಅಂತಾರೆ. ಅಂದ್ರೆ ನಾವು ರಿಪೇರಿ ಮಾಡ್ತಿದ್ದ ಬೋಟಿನಲ್ಲಿ ಈಜು ಮರೆತ 73ರ ಮುದುಕರೊಬ್ಬರು ಕೂರ್ತಾರೆ. ಮೊದಲ ತಿಂಗಳು ಈ ಮಾತು ನಮ್ಮ ತಲೆಗೇ ಹೋಗಿರಲಿಲ್ಲ.

ಯಾಕಂದ್ರೆ ನಾವು ಶುರು ಮಾಡಿದ್ದೇ ಉಲ್ಟಾ. ಮೆಕ್ಯಾನಿಕಲ್‌ನವರು ಎಂಜಿನ್ ಬಿಚ್ಚೋಕೆ ಕೂತರು, ಉಳಿದವರು ಹೋಗಿ ನೀಲಿ ಬಣ್ಣದ ಡಬ್ಬ ತಂದರು. ಹೊರಮೈ ಉಜ್ಜಿ ಪಳಪಳ ಮಾಡಿಬಿಟ್ವಿ. ಬಣ್ಣ ಹಚ್ಚೋ ಹಿಂದಿನ ದಿನ ಅಜ್ಜ ಶೆಡ್ಡಿಗೆ ಬಂದು, ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು, ಬೋಟಿನ ಮೈಮೇಲೆ ಬಡಿಯುತ್ತಾ ಮೂತಿಯಿಂದ ಹಿಂದಕ್ಕೆ ಬಂದರು. ಟಕ್, ಟಕ್, ಟಕ್. ಎಂಜಿನ್ ಕೂರುವ ಹಿಂಬದಿ ಹಲಗೆಗೆ ಬಂದಾಗ ಸದ್ದು ಬದಲಾಯ್ತು. ದಬ್, ದಬ್. ಹಲಸಿನಹಣ್ಣು ಬಡಿದು ನೋಡ್ತಾರಲ್ಲ, ಅದೇ ಲೆಕ್ಕ. "ಒಳಗೆ ಹೋಗಿದೆ" ಅಂತ ಹೇಳಿ ಕಾಫಿಗೆ ಹೋದರು.

ಆ ಹಿಂಬದಿ ಹಲಗೆಗೆ ಟ್ರಾನ್ಸಮ್ ಅಂತಾರೆ. ಹೊರಗಿಂದ ನೋಡಿದರೆ ಪೂರ್ತಿ ಫೈಬರ್ ಥರ ಕಾಣುತ್ತೆ, ಆದ್ರೆ ಒಳಗೆ ಪ್ಲೈವುಡ್ ಇರುತ್ತೆ. ಎರಡು ಬ್ರೆಡ್ ನಡುವೆ ಪಲ್ಯ ಇಟ್ಟ ಹಾಗೆ. ಎಂಜಿನ್ ಬೋಲ್ಟಿಗೆ ತೂತು ಕೊರೆದವರು ತೂತಿನ ಒಳಗೋಡೆಯನ್ನು ಸೀಲ್ ಮಾಡದೇ ಬಿಟ್ಟರೆ ಅಲ್ಲಿಂದ ನೀರು ನಿಧಾನಕ್ಕೆ ಇಳಿದು ಪ್ಲೈವುಡ್ ಕೊಳೆಯುತ್ತೆ. ಫೈಬರ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ನಿಂತಿರುತ್ತೆ.

ಇದು ಎಷ್ಟು ಅಪಾಯ ಅಂತ ಲೆಕ್ಕ ಹಾಕಿ ನೋಡಿದ್ವಿ, ನೀವೂ ನೋಡಿ. 8 ಹಾರ್ಸ್‌ಪವರ್ ಅಂದ್ರೆ ಸುಮಾರು 6 ಕಿಲೋವ್ಯಾಟ್. ಪ್ರೊಪೆಲ್ಲರ್ ದಕ್ಷತೆ ಅರ್ಧ ಅಂದುಕೊಂಡರೆ ನೀರಿಗೆ ಸೇರೋದು 3 ಕಿಲೋವ್ಯಾಟ್. ಗಂಟೆಗೆ 10 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ 2.8 ಮೀಟರ್. ಭಾಗಿಸಿದರೆ ತಳ್ಳುವ ಬಲ ಸುಮಾರು 1,070 ನ್ಯೂಟನ್. ಈ ಬಲ ಬೀಳೋದು ಹಲಗೆಯ ಮೇಲಲ್ಲ, ಅದಕ್ಕಿಂತ ಅರ್ಧ ಮೀಟರ್ ಕೆಳಗೆ, ಪ್ರೊಪೆಲ್ಲರ್ ಇರುವಲ್ಲಿ. ಅಂದರೆ ತಿರುಚುವ ಮೊಮೆಂಟ್ 500 ನ್ಯೂಟನ್-ಮೀಟರಿಗಿಂತ ಜಾಸ್ತಿ. ಎಂಜಿನ್ನಿನ ಹಿಡಿಕೆ ಹಲಗೆಯನ್ನು ಹಿಡಿದಿರೋದು ಬರೀ 15 ಸೆಂಟಿಮೀಟರ್ ಎತ್ತರದಲ್ಲಿ. 500ನ್ನು 0.15ರಿಂದ ಭಾಗಿಸಿ: 3,300 ನ್ಯೂಟನ್ ದಾಟುತ್ತೆ. ಐದಾರು ಜನ ಒಟ್ಟಿಗೆ ಹಲಗೆಯ ಅಂಚು ಹಿಡಿದು ಜೋತುಬಿದ್ದ ಹಾಗೆ. ಕೊಳೆತ ಪ್ಲೈವುಡ್ ಮೇಲೆ! ಹಲಗೆ ಕಿತ್ತು ಬಂದರೆ ಎಂಜಿನ್ ಮಾತ್ರ ಹೋಗಲ್ಲ, ಬೋಟಿನ ಹಿಂಬದಿಯೇ ತೆರೆದುಕೊಳ್ಳುತ್ತೆ.

ಹೊರಪದರವನ್ನು ಅಚ್ಚಿನ ಥರ ಹಾಗೇ ಬಿಟ್ಟು ಒಳಗಿನ 4 ಮಿಲಿಮೀಟರ್ ಪದರವನ್ನು ಕತ್ತರಿಸಿ ತೆಗೆದ್ವಿ. ಪ್ಲೈವುಡ್ಡನ್ನು ಉಳಿಯಿಂದ ಕೆತ್ತಬೇಕಾಗಲೇ ಇಲ್ಲ, ಕೈಯಲ್ಲೇ ಬಂತು, ಕಾಫಿ ಚರಟದ ಹಾಗೆ. ಹೊಸದಕ್ಕೆ ಐಎಸ್ 710 ಮುದ್ರೆ ಇರುವ 18 ಮಿಲಿಮೀಟರ್ ಮೆರೈನ್ ಪ್ಲೈ ಎರಡು ಹಾಳೆಯನ್ನು ಎಪಾಕ್ಸಿಯಲ್ಲಿ ಅಂಟಿಸಿದ್ವಿ. ಕತ್ತರಿಸಿದ ಫೈಬರ್ ಅಂಚನ್ನು ಹೊಸ ಪದರಕ್ಕೆ ನೇರವಾಗಿ ಜೋಡಿಸೋ ಹಾಗಿಲ್ಲ. ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. 4 ಮಿಲಿಮೀಟರಿಗೆ 48. ಆಗಲೇ ಬಲ ಹಳೆಯದರಿಂದ ಹೊಸದಕ್ಕೆ ನಿಧಾನವಾಗಿ ದಾಟೋದು. ಬೋಲ್ಟ್ ತೂತಿನ ವಿಷಯದಲ್ಲಿ ಒಂದು ಒಳ್ಳೇ ಉಪಾಯ: ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯೋದು. ಆಗ ಬೋಲ್ಟ್ ಪಕ್ಕ ಮರವೇ ಇರಲ್ಲ, ನೀರು ನುಗ್ಗೋಕೆ ದಾರಿಯೂ ಇರಲ್ಲ.

ರೆಸಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೈಮೇಲಿನ ಸಣ್ಣ ಬಿರುಕುಗಳಿಗೆ ಅಗ್ಗದ ಪಾಲಿಯೆಸ್ಟರ್ ರೆಸಿನ್ ಮತ್ತು ಫೈಬರ್ ಮ್ಯಾಟ್ ಸಾಕು. ಮರಕ್ಕೆ ಅಂಟೋದರಲ್ಲಿ ಎಪಾಕ್ಸಿಯೇ ಮೇಲು, ದುಡ್ಡೂ ಜಾಸ್ತಿ. ಪಾಲಿಯೆಸ್ಟರ್ ಗಟ್ಟಿಯಾಗೋಕೆ ಹಾಕೋ ಕ್ಯಾಟಲಿಸ್ಟ್ ನೂರು ಗ್ರಾಮಿಗೆ ಒಂದೆರಡು ಗ್ರಾಮ್ ಅಷ್ಟೇ. ಆದ್ರೆ ಅದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಗಾಗಲ್ಸ್ ಹಾಕದೇ ಮುಟ್ಟಬೇಡಿ. ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟಿದ್ರೆ ಅದನ್ನ ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಎರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟ ಆಗುತ್ತೆ, ತಮಾಷೆ ಅಲ್ಲ. ಇನ್ನೊಂದು, ಮಗ್ಗಿನಲ್ಲಿ ಒಂದು ಕೇಜಿ ಒಟ್ಟಿಗೆ ಕಲಸಬೇಡಿ. ನಾವು ಕಲಸಿದ್ವಿ. ಹತ್ತು ನಿಮಿಷಕ್ಕೆ ಹೊಗೆ ಬಂದು ಮಗ್ಗು ಕರಗಿ ನೆಲಕ್ಕಂಟಿತು. ಆ ಗುರುತು ಶೆಡ್ಡಿನಲ್ಲಿ ಈಗಲೂ ಇದೆ, ಆಂಟಿ ದಿನಾ ತೋರಿಸ್ತಾರೆ. ಫೈಬರ್ ಉಜ್ಜುವಾಗ ಮಾಸ್ಕ್, ಉದ್ದ ತೋಳಿನ ಅಂಗಿ ಬೇಕೇ ಬೇಕು. ನಮ್ಮ ಮಳೆಗಾಲದಲ್ಲಿ ಈ ಕೆಲಸ ಆಗಲ್ಲ, ಮರದ ತೇವ ಆರೋದೇ ಇಲ್ಲ. ಜನವರಿಯಿಂದ ಮಾರ್ಚ್ ಒಳ್ಳೇ ಕಾಲ.

ಟ್ರಾನ್ಸಮ್ ಮುಗಿಸಿ ನಿಟ್ಟುಸಿರು ಬಿಟ್ಟಾಗ ಸಿವಿಲ್‌ನವಳು ಕೇಳಿದಳು: "ಬೋಟ್ ಯಾಕೆ ಇಷ್ಟು ಭಾರ?" ಆರು ಜನ ಸೇರಿದರೂ ಎತ್ತೋಕೆ ಕಷ್ಟ ಆಗ್ತಿತ್ತು. ನೆಲದ ಹಲಗೆ ತೆಗೆದು ನೋಡಿದರೆ ಅಡಿಯಲ್ಲಿ ತೇಲುವಿಕೆಗೆ ತುಂಬಿದ ಹಳದಿ ಫೋಮ್. ಬೋಟಿನೊಳಗೆ ನೀರು ತುಂಬಿದರೂ ಮುಳುಗದ ಹಾಗೆ ಕಾಯೋದು ಇದೇ. 10 ಸೆಂಟಿಮೀಟರಿನ ಒಂದು ಘನ ಕತ್ತರಿಸಿ ಅಡುಗೆಮನೆ ತಕ್ಕಡಿಯಲ್ಲಿಟ್ವಿ. ಒಣ ಫೋಮ್ ಆಗಿದ್ದರೆ 30 ಗ್ರಾಮಿನ ಆಸುಪಾಸು ತೂಗಬೇಕು. ನಮ್ಮದು 610 ಗ್ರಾಮ್.

ಈಗ ಆರ್ಕಿಮಿಡೀಸ್. ಒಟ್ಟು ಫೋಮ್ ಸುಮಾರು 150 ಲೀಟರ್. ಒಣಗಿದ್ದಾಗ ಅದರ ತೂಕ 5 ಕೇಜಿ, ಎತ್ತುವ ಶಕ್ತಿ 145 ಕೇಜಿ. ನೀರು ಕುಡಿದ ಮೇಲೆ ತೂಕ 91, ಎತ್ತೋದು ಬರೀ 59. ಬೋಟಿನ ಫೈಬರ್ 130 ಕೇಜಿ ಅಂದುಕೊಂಡರೆ, ಸಾಪೇಕ್ಷ ಸಾಂದ್ರತೆ 1.5 ಆಗಿರೋದ್ರಿಂದ ನೀರೊಳಗೆ ಅದರ ತೂಕ ಮೂರನೇ ಒಂದು ಭಾಗ, 43. ಎಂಜಿನ್ 27 ಕೇಜಿ, ಹೆಚ್ಚಿನದು ಅಲ್ಯೂಮಿನಿಯಂ, ನೀರೊಳಗೆ ಸುಮಾರು 17. ಕೂಡಿಸಿ: 60. ಎತ್ತೋಕೆ ಇರೋದು 59. ಬೋಟಿಗೆ ನೀರು ತುಂಬಿದ್ದರೆ ಅದು ತಳಕ್ಕೆ ಹೋಗ್ತಿತ್ತು, ಹಿಡಿದುಕೊಂಡು ತೇಲೋಕೂ ಏನೂ ಉಳೀತಿರಲಿಲ್ಲ. ಅಜ್ಜ ಎಷ್ಟು ವರ್ಷ ಹೀಗೇ ಓಡಾಡಿದ್ದಾರೋ. ಕಾಗದ ನೋಡಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಗ್ಗಕ್ಕೆ ಅಂತ ಮೊದಲು ಥರ್ಮೋಕೋಲ್ ಇಟ್ಟು ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಿದ್ವಿ. ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತೆ, ಥರ್ಮೋಕೋಲ್ ಅಂದ್ರೆ ಪಾಲಿಸ್ಟೈರೀನ್. ಕಣ್ಣೆದುರೇ ಐಸ್‌ಕ್ರೀಮ್ ಥರ ಕರಗಿಹೋಯ್ತು. ಫಸ್ಟ್ ಇಯರ್ ಕೆಮಿಸ್ಟ್ರಿ ಪಾಸಾಗಿದ್ದೀವಿ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಯ್ತು. ಕೊನೆಗೆ ಹಾಸ್ಟೆಲ್‌ನಿಂದ 2 ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿ 48 ಸೇರಿಸಿದ್ವಿ. ಬೆಳಗಿನ ತಂಪಿನಲ್ಲಿ ಮುಚ್ಚಳ ಬಿಗಿದು (ಮಧ್ಯಾಹ್ನ ಬಿಗಿದರೆ ತಣ್ಣೀರಿನಲ್ಲಿ ಕುಗ್ಗುತ್ತೆ), ಬಲೆಯಲ್ಲಿ ಕಟ್ಟಿ ನೆಲದಡಿ ಇಟ್ವಿ. ಇವು ನೀರು ಕುಡಿಯಲ್ಲ, ವರ್ಷಕ್ಕೊಮ್ಮೆ ತೆಗೆದು ನೋಡಬಹುದು. ಎತ್ತೋದು ಸುಮಾರು 93 ಕೇಜಿ. ತೇಲುವಿಕೆಯೆಲ್ಲ ತಳದಲ್ಲೇ ಇದ್ದರೆ ನೀರು ತುಂಬಿದ ಬೋಟು ಮಗುಚಿಕೊಳ್ಳುತ್ತೆ, ಹಾಗಾಗಿ ಎರಡೂ ಪಕ್ಕ ಮೇಲಂಚಿನ ಕೆಳಗೆ 30 ಲೀಟರಿನಷ್ಟು ಪಾಲಿಯುರಿಥೇನ್ ಫೋಮ್ ಹಲಗೆ ಕೂರಿಸಿದ್ವಿ. ಎಲ್ಲಾ ಸೇರಿ 150ರ ಹತ್ತಿರ.

ಎಂಜಿನ್ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ, ಚುಟುಕಾಗಿ ಹೇಳ್ತೀವಿ. ಎರಡೂ ಸಿಲಿಂಡರಿನ ಕಂಪ್ರೆಶನ್ ಹತ್ತಿರ ಹತ್ತಿರ ಬಂತು, ಅದೃಷ್ಟ. ನೀರೆತ್ತುವ ರಬ್ಬರ್ ಇಂಪೆಲ್ಲರ್ ಕಲ್ಲಾಗಿತ್ತು, ಬದಲಿಸಿದ್ವಿ. ಎಂಜಿನ್ನನ್ನು ನೀರಿಲ್ಲದೆ ಸ್ಟಾರ್ಟ್ ಮಾಡಬೇಡಿ, ಕೆಲವೇ ಕ್ಷಣಕ್ಕೆ ಇಂಪೆಲ್ಲರ್ ಸುಡುತ್ತೆ. ಡ್ರಮ್ಮಿನಲ್ಲಿ ನಿಲ್ಲಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರೋದ್ರಿಂದ ಹಳೇ ರಬ್ಬರ್ ಪೈಪ್ ಹಾಳಾಗುತ್ತೆ, ತಿಂಗಳಾನುಗಟ್ಟಲೆ ಬಿಟ್ಟರೆ ನೀರೂ ಹೀರುತ್ತೆ. ಟ್ಯಾಂಕ್ ಖಾಲಿ ಮಾಡಿ ಇಡಿ. 5 ಲೀಟರಿಗೆ 100 ಮಿಲಿ ಟೂ-ಸ್ಟ್ರೋಕ್ ಆಯಿಲ್. ಪ್ರೊಪೆಲ್ಲರಿನ ಶಿಯರ್ ಪಿನ್ ಜೊತೆಗೆ ಇನ್ನೆರಡು ಇಟ್ಟುಕೊಳ್ಳಿ. ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಮರಗಳ ಬೊಡ್ಡೆ ಇನ್ನೂ ನಿಂತಿವೆ. ಪ್ರೊಪೆಲ್ಲರ್ ಬಡಿದರೆ ಪಿನ್ ಮುರಿದು ಗೇರ್ ಉಳಿಸುತ್ತೆ, ಮನೆಯ ಫ್ಯೂಸ್ ಇದ್ದ ಹಾಗೆ. ಜಾಸ್ತಿ ಗಟ್ಟಿ ಅಂತ ಸ್ಟೀಲ್ ಮೊಳೆ ಹಾಕಬೇಡಿ.

ಮಾರ್ಚ್ ಕೊನೆಗೆ ಪರೀಕ್ಷೆ. ನಮ್ಮದಲ್ಲ, ಬೋಟಿನದು. ಸಿವಿಲ್‌ನವಳ ಊರಿನ ಕೃಷಿಹೊಂಡಕ್ಕೆ ಒಯ್ದು, ಬೇಕಂತಲೇ ಪಂಪಿನಿಂದ ಬೋಟಿಗೆ ನೀರು ತುಂಬಿಸಿದ್ವಿ. ಎಂಜಿನ್ ಜಾಗಕ್ಕೆ 27 ಕೇಜಿ ಮರಳಿನ ಚೀಲ. ಮರಳಿನ ಸಾಂದ್ರತೆ 2.65, ಅಲ್ಯೂಮಿನಿಯಂ 2.7, ಹಾಗಾಗಿ ನೀರೊಳಗೂ ತೂಕ ಹೆಚ್ಚುಕಡಿಮೆ ಒಂದೇ. ಎಲ್ಲರೂ ಲೈಫ್ ಜಾಕೆಟ್ ಹಾಕಿದ್ವಿ, ಹೊಂಡದ ದಡಕ್ಕೆ ಹಗ್ಗ ಕಟ್ಟಿದ್ವಿ. ನೀರು ಅಂಚಿನ ಹತ್ತಿರ ಬಂದು ನಿಂತಿತು. ಮುಂಭಾಗ ನಾಲ್ಕು ಬೆರಳು, ಹಿಂಭಾಗ ಎರಡು ಬೆರಳು ನೀರಿನ ಮೇಲೆ. ಒಬ್ಬ ಒಂದೇ ಪಕ್ಕಕ್ಕೆ ಜೋತುಬಿದ್ದ. ಬೋಟು ವಾಲಿತು, ಮಗುಚಲಿಲ್ಲ.

ಯಂತ್ರ ಇರೋ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ತಪಾಸಣೆ, ನೋಂದಣಿ ಆಗಬೇಕು. ಆ ಅರ್ಜಿಯ ಕೆಲಸ ಕಂಪ್ಯೂಟರ್ ಸೈನ್ಸ್‌ನವನ ತಲೆಗೆ ಬಿದ್ದಿದೆ. ಅಲ್ಲಿವರೆಗೆ ಎಂಜಿನ್ ಡ್ರಮ್ಮಿನಲ್ಲೇ ಓಡಲಿ ಅಂತ ಬಿಟ್ಟಿದ್ದೀವಿ.

ಹೊಂಡದಿಂದ ವಾಪಸ್ ಬಂದ ಸಂಜೆ ಅಜ್ಜ ಮತ್ತೆ ನಾಣ್ಯ ಹಿಡಿದು ಬಂದರು. ಹಿಂಬದಿ ಹಲಗೆಗೆ ಬಡಿದರು, ಒಂದೆರಡು ಸಲ ಅಲ್ಲ, ಇಂಚಿಂಚಿಗೂ. ನಾವು ಉಸಿರು ಹಿಡಿದು ನಿಂತಿದ್ವಿ, ವೈವಾದಲ್ಲೂ ಹಾಗೆ ನಿಂತಿಲ್ಲ. ಎಲ್ಲಾ ಕಡೆ ಟಕ್. "ಈಗ ಬಣ್ಣ ಹಚ್ಚಿ" ಅಂದರು. ಡಬ್ಬ ತೆಗೆದು ನೋಡಿದರೆ ನೀಲಿ ಬಣ್ಣ ಕೆನೆಗಟ್ಟಿ ಒಣಗಿತ್ತು. ಹೊಸದು ತರಬೇಕು.