ಆತ್ಮಹತ್ಯೆಯ ಅಂಕಿಗಳನ್ನು ಓದುವ ಬಗೆ

೨೦೨೨ರಲ್ಲಿ ಮಹಾರಾಷ್ಟ್ರದಲ್ಲಿ ೨೨,೭೪೬ ಮಂದಿಯೂ ಕರ್ನಾಟಕದಲ್ಲಿ ೧೩,೬೦೬ ಮಂದಿಯೂ ಆತ್ಮಹತ್ಯೆಯಿಂದ ತೀರಿಕೊಂಡರೆಂದು ಸರ್ಕಾರದ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ವರದಿ ಮಾಡಿದೆ. ಹಾಗಾದರೆ ಈ ಪೀಡೆ ಮಹಾರಾಷ್ಟ್ರದಲ್ಲಿಯೇ ಹೆಚ್ಚೆ? ಉತ್ತರ ಹೇಳುವ ಮೊದಲು ಮೃತರ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಬೇಕು. ಕರ್ನಾಟಕದ ಜನಸಂಖ್ಯೆ ಆಗ ಸುಮಾರು ೬೭೪ ಲಕ್ಷ. ಆದುದರಿಂದ ಲಕ್ಷ ಜನರಿಗೆ ೨೦.೨ ಸಾವು. ಮಹಾರಾಷ್ಟ್ರದ ಪ್ರಮಾಣ ೧೮.೧, ಇಡೀ ಭಾರತದ್ದು ೧೨.೪. ಎಣಿಕೆಯಲ್ಲಿ ಹಿಂದಿರುವ ನಾಡು ಪ್ರಮಾಣದಲ್ಲಿ ಮುಂದಿರುವುದನ್ನು ವಾಚಕರು ಗಮನಿಸಬೇಕು.

ಎರಡನೆಯ ಹೆಜ್ಜೆಯೆಂದರೆ ಜನರನ್ನು ವಿಂಗಡಿಸಿ ನೋಡುವುದು. ಅದೇ ವರ್ಷ ಭಾರತದಲ್ಲಿ ಹೀಗೆ ತೀರಿಕೊಂಡ ನೂರರಲ್ಲಿ ಸುಮಾರು ೭೨ ಮಂದಿ ಗಂಡಸರು. ಅಮೆರಿಕದಲ್ಲಿ ಈ ಅಂತರ ಇನ್ನೂ ದೊಡ್ಡದು. ಅಲ್ಲಿ ಇಂತಹ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದೂಕಿನಿಂದ ಆಗುತ್ತವೆ. ಹಾಗೆ ಸತ್ತ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಗಂಡಸರು. ಅವರಲ್ಲಿಯೂ ವೃದ್ಧರ ಪ್ರಮಾಣ ಅತಿ ಹೆಚ್ಚು. ಆದರೆ ಆತ್ಮಹತ್ಯೆಗೆ ಯತ್ನಿಸುವವರಲ್ಲಿ ಹೆಂಗಸರೇ ಅಧಿಕ! ಆದಕಾರಣ ಗಂಡಸರ ದುಃಖವೇ ದೊಡ್ಡದೆಂದು ತೀರ್ಮಾನಿಸುವಂತಿಲ್ಲ. ಕೈಗೆಟುಕುವ ಸಾಧನವೂ ಸಾವಿನ ಲೆಕ್ಕವನ್ನು ಬದಲಿಸುತ್ತದೆ.

೧೯೫೯ರ ಆಯುಧ ಕಾಯಿದೆಯ ಪ್ರಕಾರ ನಮ್ಮಲ್ಲಿ ಬಂದೂಕಿಗೆ ಲೈಸೆನ್ಸು ಬೇಕು. ಯಲಹಂಕ, ಹೆಬ್ಬಾಳಗಳ ಬಡಾವಣೆಗಳಲ್ಲಿ ಬಂದೂಕಿರುವ ಮನೆ ಅಪರೂಪ. ಭಾರತದ ಆತ್ಮಹತ್ಯೆಗಳಲ್ಲಿ ಬಂದೂಕಿನ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಹಳ್ಳಿಯ ಮನೆಗಳಲ್ಲಿ ಆ ಸ್ಥಾನದಲ್ಲಿ ಕೀಟನಾಶಕ ಇದೆ. ಶ್ರೀಲಂಕೆಯು ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ೧೯೯೫ರಿಂದ ೨೦೦೫ರೊಳಗೆ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಇದು ಹೇಗೆ ಸಾಧ್ಯವಾಯಿತು? ಸಾಯಬೇಕೆಂಬ ಆವೇಗ ಅನೇಕರಲ್ಲಿ ಅಲ್ಪಕಾಲದ್ದು. ಆ ಹೊತ್ತಿನಲ್ಲಿ ಅಪಾಯದ ವಸ್ತು ದೂರವಿದ್ದರೆ ಜೀವ ಉಳಿಯುತ್ತದೆ. ಒಮ್ಮೆ ಯತ್ನಿಸಿ ಬದುಕುಳಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲವೆಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಸಾವು ಅನಿವಾರ್ಯವಾಗಿತ್ತೆಂಬ ಮಾತು ಆದುದರಿಂದ ಸರಿಯಲ್ಲ.

ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕರ್ತವ್ಯ ಒದಗುತ್ತದೆ. ಸಹಪಾಠಿಯೊಬ್ಬನು ಹತಾಶೆಯ ಮಾತನ್ನಾಡಿದರೆ ಅವನನ್ನು ಒಂಟಿಯಾಗಿ ಬಿಡಬಾರದು. ಅವನ ಮಾತನ್ನು ಕೇಳಬೇಕು, ನಂಬಿಕೆಯ ಹಿರಿಯರಿಗೆ ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.