ಹೈಬ್ರಿಡ್ ಕಾರಿನ ಬ್ರೇಕ್ ದೋಷ: ಬಿಡಿಭಾಗ ತಯಾರಕರ ಲೆಕ್ಕಪುಸ್ತಕಕ್ಕೊಂದು ಪಾಠ

ಲೆಕ್ಕ ಪರಿಶೋಧಕನಿಗೂ ಕಾರಿನ ಬ್ರೇಕಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಹೈಬ್ರಿಡ್ ವಾಹನಗಳ ತಯಾರಿಕೆಯೂ ಅಲ್ಲಿ ಮೊದಲಾಯಿತು. ವಾಹನೋದ್ಯಮಕ್ಕೆ ನೇರವಾಗಿಯೋ ಉಪಗುತ್ತಿಗೆಯ ಮೂಲಕವೋ ಬಿಡಿಭಾಗ ಒದಗಿಸುವ ನಮ್ಮ ಸಣ್ಣ ಘಟಕಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ದೋಷದ ಖರ್ಚು ಲೆಕ್ಕಕ್ಕೆ ಬರುವುದು ಎಂದು? ಮಾಲು ಹಿಂತಿರುಗಿದ ದಿನವೇ ಅಥವಾ ಮಾರಿದ ದಿನವೇ?

ಬ್ರೇಕಿನ ಕಾರ್ಯವಿಧಾನ

ಹೈಬ್ರಿಡ್ ಕಾರಿನಲ್ಲಿ ವೇಗ ತಗ್ಗಿಸುವ ಕೆಲಸವು ಎರಡು ವ್ಯವಸ್ಥೆಗಳಲ್ಲಿ ಹಂಚಿಹೋಗಿದೆ. ಒಂದರಲ್ಲಿ ಮೋಟಾರು ಜನರೇಟರಿನಂತೆ ವರ್ತಿಸಿ ಚಲನೆಯ ಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ. ಇನ್ನೊಂದು ದ್ರವದ ಒತ್ತಡದಿಂದ ನಡೆಯುವ ಎಂದಿನ ಹೈಡ್ರಾಲಿಕ್ ಬ್ರೇಕು. ಚಾಲಕನು ಪೆಡಲನ್ನು ಎಷ್ಟು ಒತ್ತಿದನೆಂಬುದನ್ನು ಒಂದು ಸೆನ್ಸರು, ಪ್ರತಿ ಚಕ್ರದ ವೇಗವನ್ನು ಇನ್ನೊಂದು ಸೆನ್ಸರು ತಿಳಿಸುತ್ತದೆ. ಇವುಗಳ ಆಧಾರದ ಮೇಲೆ ಯಾವ ವ್ಯವಸ್ಥೆಗೆ ಎಷ್ಟು ಪಾಲೆಂಬುದನ್ನು ಕಂಪ್ಯೂಟರು ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ.

ಸೆನ್ಸರಿಗೆ ಲೋಹದ ಪುಡಿ ಅಂಟಿದರೆ, ಕನೆಕ್ಟರಿಗೆ ನೀರು ಸೇರಿದರೆ ಅಥವಾ ವೈರು ಸವೆದರೆ ಸಂಕೇತ ಕೆಡುತ್ತದೆ. ಸಾಮಾನ್ಯವಾಗಿ ಆಗ ಎಚ್ಚರಿಕೆಯ ದೀಪ ಹೊತ್ತಿಕೊಂಡು, ಚಕ್ರ ಜಾರದಂತೆ ತಡೆಯುವ ಎಬಿಎಸ್ ಸೌಲಭ್ಯ ನಿಲ್ಲುತ್ತದೆ. ಮೂಲ ಬ್ರೇಕು ಉಳಿಯುತ್ತದೆ. ಬಿಡಿಭಾಗ ಚಿಕ್ಕದಾದರೂ ಅದರ ದೋಷದ ವ್ಯಾಪ್ತಿ ಚಿಕ್ಕದಲ್ಲ.

ಎರಡು ಪ್ರಕರಣಗಳು

2010ರ ಫೆಬ್ರವರಿ 9ರಂದು ಟೊಯೋಟಾ ಸಂಸ್ಥೆಯು ಪ್ರಿಯಸ್ ಸೇರಿದಂತೆ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯುವುದಾಗಿ ಪ್ರಕಟಿಸಿತು. ಜಾರುವ ಅಥವಾ ಉಬ್ಬುತಗ್ಗಿನ ರಸ್ತೆಯಲ್ಲಿ ಎಬಿಎಸ್ ಕಾರ್ಯಪ್ರವೃತ್ತವಾದಾಗ, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೊರಳುವಲ್ಲಿ ಕ್ಷಣಕಾಲ ಬ್ರೇಕಿನ ಹಿಡಿತ ಸಡಿಲವಾಗುತ್ತಿತ್ತು. ಅಲ್ಲಿ ಸೆನ್ಸರು ಮುರಿದಿರಲಿಲ್ಲ. ಅದರ ಸಂಕೇತವನ್ನು ಬಳಸುವ ತಂತ್ರಾಂಶ ತಿದ್ದುಪಡಿ ಬೇಡುತ್ತಿತ್ತು. ಜನವರಿಯಲ್ಲಿಯೇ ಹೊಸದಾಗಿ ತಯಾರಾಗುವ ಕಾರುಗಳಲ್ಲಿ ಸಂಸ್ಥೆಯು ಇದನ್ನು ಸರಿಪಡಿಸಿತ್ತು. ಆದರೆ ಅದಕ್ಕೆ ಮೊದಲು ಮಾರಾಟವಾದ ಕಾರುಗಳ ಹೊಣೆ ಹಾಗೆಯೇ ಉಳಿದಿತ್ತು.

2013ರ ಜೂನ್‌ನಲ್ಲಿ ಪ್ರಿಯಸ್ ಮತ್ತು ಲೆಕ್ಸಸ್ ಮಾದರಿಯ ಸುಮಾರು 2.42 ಲಕ್ಷ ಕಾರುಗಳನ್ನು ಮತ್ತೆ ಕರೆಯಬೇಕಾಯಿತು. ಈ ಬಾರಿಯ ದೋಷ ತಂತ್ರಾಂಶದ್ದಲ್ಲ. ಬ್ರೇಕಿನ ಒತ್ತಡವನ್ನು ಸಂಗ್ರಹಿಸಿಡುವ ಅಕ್ಯುಮುಲೇಟರ್ ಎಂಬ ಬಿಡಿಭಾಗದಲ್ಲಿ ಬಿರುಕು ಬಿಟ್ಟು, ಅದರೊಳಗಿನ ಸಾರಜನಕ ಅನಿಲವು ಬ್ರೇಕ್ ದ್ರವಕ್ಕೆ ಸೇರುವ ಸಂಭವವಿತ್ತು. ಮಾರಾಟವಾಗಿ ವರ್ಷಗಳು ಕಳೆದ ಮೇಲೂ ಹೊಣೆ ಬೆನ್ನಟ್ಟಿ ಬರುತ್ತದೆಂಬುದಕ್ಕೆ ಇದು ನಿದರ್ಶನ.

ಲೆಕ್ಕದಲ್ಲಿ ತೋರಿಸುವ ಬಗೆ

ವಾರಂಟಿ ಸಹಿತ ಮಾರಾಟದಲ್ಲಿ ಹೊಣೆ ಹುಟ್ಟುವುದು ಮಾರಿದ ದಿನವೇ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಮೂರು ಅಂಶಗಳಿದ್ದರೆ ಪ್ರಾವಿಷನ್, ಅಂದರೆ ಲಾಭದಿಂದ ಮುಂಚಿತವಾಗಿ ತೆಗೆದಿರಿಸುವ ಮೊತ್ತ, ಮಾಡಲೇಬೇಕು: ಹಿಂದಿನ ಘಟನೆಯಿಂದ ಉಂಟಾದ ಹೊಣೆ, ಹಣ ಹೊರಹೋಗುವ ಸಂಭವ ಮತ್ತು ನಂಬಲರ್ಹ ಅಂದಾಜು.

ಒಂದು ಉದಾಹರಣೆ ನೋಡೋಣ. ಘಟಕವೊಂದು ತಲಾ 250 ರೂ.ನಂತೆ 20,000 ಸೆನ್ಸರುಗಳನ್ನು ಮಾರಿ 50 ಲಕ್ಷ ರೂ. ವಹಿವಾಟು ನಡೆಸಿತೆನ್ನಿ. ಹಿಂದಿನ ಅನುಭವದಂತೆ ನೂರಕ್ಕೆ 2ರಷ್ಟು ಮಾಲು ಮರಳುತ್ತದೆ. ಬದಲಿ ಮಾಲು, ಸಾಗಣೆ, ಕೂಲಿ ಸೇರಿ ತಲಾ 300 ರೂ. ತಗಲುವುದಾದರೆ, 400 ಸೆನ್ಸರುಗಳಿಗೆ 1,20,000 ರೂ. ಆಯಿತು. ಈ ಮೊತ್ತವನ್ನು ಅದೇ ವರ್ಷದ ಲಾಭ-ನಷ್ಟ ಖಾತೆಗೆ ಖರ್ಚು ಹಾಕಬೇಕು. ಇದಲ್ಲದೆ 1,000 ಸೆನ್ಸರುಗಳ ಒಂದು ಬ್ಯಾಚು ಪೂರ್ತಿ ಕೆಟ್ಟಿದೆಯೆಂದು ತಿಳಿದುಬಂದರೆ ಹಳೆಯ ಸರಾಸರಿ ನೆರವಿಗೆ ಬಾರದು. ಆ ಬ್ಯಾಚಿಗೆಂದೇ 3 ಲಕ್ಷ ರೂ. ಪ್ರತ್ಯೇಕವಾಗಿ ಎಣಿಸಬೇಕಾಗುತ್ತದೆ.

ಇದಕ್ಕೆ ಆದಾಯ ತೆರಿಗೆಯಲ್ಲಿ ಮಾನ್ಯತೆಯುಂಟೇ? ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಹಿಂದಿನ ಅನುಭವದ ಆಧಾರದ ಮೇಲೆ ವೈಜ್ಞಾನಿಕವಾಗಿ ಅಂದಾಜಿಸಿದ ವಾರಂಟಿ ಪ್ರಾವಿಷನ್ ಅನ್ನು ಖರ್ಚೆಂದು ಒಪ್ಪಿತು. ಊಹೆಯ ಮೊತ್ತಕ್ಕೆ ಈ ರಕ್ಷಣೆಯಿಲ್ಲ. ವರ್ಷವಾರು ಮರಳಿಬಂದ ಮಾಲಿನ ದಾಖಲೆಯೇ ಇಲ್ಲಿ ಸಾಕ್ಷ್ಯ.

ದಾಖಲೆಯಿಲ್ಲದವರ ಪಾಡು

ನನ್ನ ಪರಿಚಯದ ಘಟಕವೊಂದರ ಪಾಲುದಾರರು ಒಂದು ವರ್ಷದ ಲಾಭವನ್ನೆಲ್ಲ ಹಂಚಿಕೊಂಡರು. ಮರುವರ್ಷ ಖರೀದಿದಾರರಿಂದ ದೊಡ್ಡ ಮೊತ್ತದ ಡೆಬಿಟ್ ನೋಟ್ ಬಂದಿತು. ಅದೇ ಬಿಡಿಭಾಗವನ್ನು ಮತ್ತೊಬ್ಬರೂ ಒದಗಿಸುತ್ತಿದ್ದರು. ಆದರೆ ಕೆಟ್ಟ ಮಾಲು ಯಾರದೆಂದು ತೋರಿಸಲು ಇವರ ಬಳಿ ಬ್ಯಾಚ್ ದಾಖಲೆ ಇರಲಿಲ್ಲ. ತಮ್ಮದಲ್ಲದ ಮಾಲಿನ ಹಣವನ್ನೂ ಅವರು ತೆರಬೇಕಾಯಿತು. ಬ್ಯಾಂಕ್ ಸಾಲದ ಕಂತು ತಪ್ಪಿತು; ದುಡಿಯುವ ಕೈಗಳಿಗೆ ಎರಡು ತಿಂಗಳ ಸಂಬಳ ತಡವಾಯಿತು.

ಈಗ ಕಾನೂನೂ ಬಿಗಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಯಾಗಿಸುತ್ತದೆ. ಅದೇ ವರ್ಷ ಮೋಟಾರು ವಾಹನ ಕಾಯಿದೆಗೆ ಸೇರಿದ 110ಎ ಕಲಮು, ದೋಷವುಳ್ಳ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ.

ಆದಕಾರಣ ಸದಸ್ಯರು ಗಮನಿಸಬೇಕಾದವು:

1. ಪ್ರತಿ ಬ್ಯಾಚಿಗೂ ಸಂಖ್ಯೆ ನೀಡಿ, ಅದನ್ನು ಇನ್‌ವಾಯ್ಸ್‌ನಲ್ಲಿ ನಮೂದಿಸಿರಿ. ಕಚ್ಚಾ ಮಾಲಿನ ಮೂಲವನ್ನೂ ಬರೆದಿಡಿರಿ.

2. ಮರಳಿಬಂದ ಮಾಲಿಗೆ ಪ್ರತ್ಯೇಕ ವಹಿ ಇಟ್ಟು, ತಿಂಗಳು, ಕಾರಣ ಮತ್ತು ವೆಚ್ಚವನ್ನು ದಾಖಲಿಸಿರಿ.

3. ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಿಮ್ಮ ಹೊಣೆಗೆ ಮೊತ್ತದ ಮತ್ತು ಅವಧಿಯ ಮಿತಿ ಇದೆಯೇ ಎಂದು ಓದಿ ನೋಡಿರಿ.

4. ವಿಮಾ ಪಾಲಿಸಿಯನ್ನು ಪರಿಶೀಲಿಸಿರಿ. ಮೂರನೆಯವರಿಗಾದ ಹಾನಿಗೆ ಪಾಲಿಸಿ ಇದ್ದ ಮಾತ್ರಕ್ಕೆ ಮಾಲು ಹಿಂಪಡೆಯುವ ಖರ್ಚೂ ಅದರಲ್ಲಿ ಸೇರಿದೆಯೆಂದು ಭಾವಿಸಲಾಗದು.

5. ವರ್ಷಾಂತ್ಯದಲ್ಲಿ ಪ್ರಾವಿಷನ್ ಮೊತ್ತವನ್ನು ಮರುಪರಿಶೀಲಿಸಿ, ಆ ಬಳಿಕವೇ ಲಾಭ ಹಂಚಿಕೊಳ್ಳಿರಿ.

ಮಾಲು ಬಾಗಿಲು ದಾಟಿದೊಡನೆ ಹಣ ನಮ್ಮದಾಯಿತೆಂದು ತಿಳಿಯುವುದು ವ್ಯಾಪಾರದ ಹಳೆಯ ಭ್ರಮೆ. ವಾರಂಟಿಯ ಅವಧಿ ಮುಗಿಯುವವರೆಗೂ ಅದರಲ್ಲೊಂದು ಪಾಲು ಗ್ರಾಹಕನದೇ. ಆ ಪಾಲನ್ನು ಮೊದಲೇ ತೆಗೆದಿಟ್ಟವರಿಗೆ ಡೆಬಿಟ್ ನೋಟ್ ಬಂದಾಗ ಸಾಲಕ್ಕೆ ಅಲೆಯಬೇಕಾಗಿ ಬರುವುದಿಲ್ಲ.