ವ್ಯಾಯಾಮವು ಆಹಾರದೋಷವನ್ನು ನೀಗಬಲ್ಲುದೇ?

ಆರೋಗ್ಯಕ್ಕೆ ಆಹಾರ, ವ್ಯಾಯಾಮಗಳೆರಡೂ ಬೇಕೆಂಬುದು ಸರ್ವವಿದಿತ. ಆದರೆ ಒಂದರ ದೋಷವನ್ನು ಮತ್ತೊಂದು ನೀಗಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಬೆಳಿಗ್ಗೆ ಒಂದು ಗಂಟೆ ನಡೆದವನು ಏನನ್ನು ತಿಂದರೂ ದಕ್ಕೀತೆಂದು ಹಿರಿಯರಲ್ಲಿ ಅನೇಕರು ನಂಬಿರುವರು. ಕವಾಯತು, ಆಟಗಳಿದ್ದರೆ ಮಕ್ಕಳು ತಾವಾಗಿ ಗಟ್ಟಿಮುಟ್ಟಾಗುವರೆಂಬ ಭಾವನೆ ಶಾಲೆಗಳಲ್ಲಿಯೂ ಉಂಟು. ಇವೆರಡನ್ನೂ ಪರಿಶೀಲಿಸುವುದು ಅವಶ್ಯ.

ವ್ಯಾಯಾಮದ ಮಹತ್ತ್ವ ಅಲ್ಲಗಳೆಯುವಂಥದಲ್ಲ. ಲಂಡನ್ನಿನ ಬಸ್ ನೌಕರರನ್ನು ಕುರಿತು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಅದು ತೋರಿಸಿತು. ದುಡಿಯುವ ಸ್ನಾಯು ರಕ್ತದೊಳಗಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ರಕ್ತದೊತ್ತಡ ಹತೋಟಿಗೆ ಬರುತ್ತದೆ, ಎಲುಬು ಗಟ್ಟಿಯಾಗುತ್ತದೆ.

ಆದರೆ ಲೆಕ್ಕವನ್ನೂ ನೋಡಬೇಕು. 60 ಕಿಲೋ ತೂಕದ ಮನುಷ್ಯ ಗಂಟೆಗೆ 5 ಕಿಲೋಮೀಟರಿನಂತೆ ಒಂದು ಗಂಟೆ ನಡೆದರೆ ವ್ಯಯವಾಗುವುದು ಹೆಚ್ಚುಕಡಿಮೆ 200 ಕ್ಯಾಲೊರಿ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಗಳಿರುವುದರಿಂದ, ಸುಮಾರು 22 ಗ್ರಾಂ ಎಣ್ಣೆ ಆ ನಡಿಗೆಯ ಫಲವನ್ನೆಲ್ಲ ಸರಿಗಟ್ಟಿಬಿಡುತ್ತದೆ. ತಿರುಗಾಟ ಮುಗಿಸಿ ಬರುವಾಗ ಹೋಟೆಲಿನಲ್ಲಿ ತಿಂದ ಬಜ್ಜಿಗೆ ಇಷ್ಟು ಸಾಕು. ಬ್ರಿಟನ್ನಿನ ಸುಮಾರು 3,46,000 ಜನರನ್ನು ಹನ್ನೊಂದು ವರ್ಷಗಳಷ್ಟು ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. ಹೆಚ್ಚು ವ್ಯಾಯಾಮ ಮಾಡುವವರಲ್ಲಿಯೂ ಕೆಟ್ಟ ಆಹಾರದ ಹಾನಿ ಪೂರ್ತಿ ಅಳಿಯಲಿಲ್ಲ. ಮರಣದ ಅಪಾಯ ಅತ್ಯಂತ ಕಡಿಮೆಯಿದ್ದುದು ಎರಡನ್ನೂ ಪಾಲಿಸಿದವರಲ್ಲಿ.

ಇದು ಅತಿಯಾಗಿ ಉಣ್ಣುವವರ ಮಾತಾಯಿತು. ಸಾಲದ ಊಟ ಉಣ್ಣುವ ಮಗುವಿನ ವಿಚಾರ ಇದಕ್ಕಿಂತ ಗಂಭೀರವಾದುದು. ಎಲುಬಿನ ಮೇಲೆ ಭಾರ ಬಿದ್ದರೆ ಅದು ಬಲಿಯುವುದು ನಿಜ. ಆದರೆ ಬಲಿಯಲು ಬೇಕಾದ ಸುಣ್ಣದ ಅಂಶ ಊಟದಿಂದಲೇ ಬರಬೇಕು. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಕಬ್ಬಿಣದ ಮಾತೂ ಹಾಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಆಮ್ಲಜನಕವನ್ನು ಹೊರುವ ಶಕ್ತಿಯೇ ರಕ್ತಕ್ಕೆ ಸಾಲದಿರುವಾಗ ಓಡುವ ಹುಡುಗಿಗೆ ಏದುಸಿರು ಬರುವುದು ಸಹಜ. ಅದನ್ನು ಸೋಮಾರಿತನವೆಂದು ಭಾವಿಸಿ ಇನ್ನೆರಡು ಸುತ್ತು ಓಡಿಸುವುದು ಅನ್ಯಾಯ. ಯಾವ ಕವಾಯತೂ ಮೈಯಲ್ಲಿ ಕಬ್ಬಿಣವನ್ನು ಹುಟ್ಟಿಸಲಾರದು.

ಕನ್ನಡನಾಡಿನ ಗರಡಿಮನೆಗಳಲ್ಲಿ ಸಾಮಿನ ಜೊತೆಗೇ ಖುರಾಕಿಗೂ ಮಹತ್ತ್ವವಿದ್ದಿತು. ಹಾಲು, ತುಪ್ಪ, ಬಾದಾಮಿಗಳಿಲ್ಲದೆ ಪೈಲವಾನನ ಸಿದ್ಧತೆ ಪೂರ್ಣವೆನಿಸುತ್ತಿರಲಿಲ್ಲ. ಸಾಮು ಬಿಟ್ಟ ಮೇಲೂ ಅದೇ ಖುರಾಕನ್ನು ಮುಂದುವರಿಸಿದವನ ಮೈಗೆ ಬೊಜ್ಜು ಬರುವುದೂ ಅಷ್ಟೇ ನಿಶ್ಚಿತ.

ಆದುದರಿಂದ ಹಿರಿಯರು ನಡಿಗೆಯನ್ನು ಬಿಡದೆ ಎಣ್ಣೆ, ಉಪ್ಪು, ಸಕ್ಕರೆಗಳನ್ನು ಮಿತಗೊಳಿಸಬೇಕು. ಮಕ್ಕಳ ಊಟದಲ್ಲಿ ರಾಗಿ, ಕಾಳು, ಸೊಪ್ಪು, ಹಾಲು ಸೇರಬೇಕು. ಸೊಪ್ಪುಕಾಳುಗಳಿಗೆ ನಿಂಬೆರಸ ಹಿಂಡಿದರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಶಿಕ್ಷಕರು ಓಟದಲ್ಲಿ ಹಿಂದೆ ಬಿದ್ದ ಮಗುವನ್ನು ಗದರುವ ಮೊದಲು, ಅದು ಮುಂಜಾನೆ ಏನು ಉಂಡಿತೆಂದು ಕೇಳುವುದು ಲೇಸು. ಶಾಲೆಯ ಕ್ರೀಡಾಂಗಣಕ್ಕೆ ಉದಾರವಾಗಿ ನೆರವಾಗುವ ದಾನಿಗಳು ವಿದ್ಯಾರ್ಥಿನಿಲಯದ ಅಡುಗೆಮನೆಯನ್ನೂ ಮರೆಯದಿದ್ದರೆ ಆ ಕ್ರೀಡಾಂಗಣ ಸಾರ್ಥಕವಾಗುವುದು.